ಮಗಳ ಡ್ರೈಸೂಟಿಗೆ ನಾನು ತೆಗೆಯದ ಅಳತೆ

ನನ್ನ ಮಗಳು ಸಮುದ್ರದ ತಳಕ್ಕೆ ಇಳಿದು ನಕ್ಷತ್ರಮೀನು ಎಣಿಸುವ ಕೆಲಸದಲ್ಲಿದ್ದಳು. ಹೇಳಿದರೆ ಜನ ನಗುತ್ತಾರೆ. ನಾನೂ ನಕ್ಕಿದ್ದೆ. "ಇಷ್ಟೆಲ್ಲಾ ಓದಿ ಮೀನು ಎಣಿಸ್ತೀಯೇನೇ?" ಅಂದಿದ್ದೆ. "ಅದು ಮೀನೇ ಅಲ್ಲಮ್ಮ," ಅಂದಿದ್ದಳು. ಆ ವರ್ಷ ಸಿಯಾಟಲ್ ಸುತ್ತಿನ ಸಮುದ್ರದಲ್ಲಿ ಅವು ಕೊಳೆತು, ತೋಳು ಕಳಚಿ ಬಿದ್ದು ಸಾಯುತ್ತಿದ್ದವು. ಎಲ್ಲಿ ಎಷ್ಟು ಉಳಿದಿವೆ ಅಂತ ಯಾರಾದರೂ ಕೆಳಗೆ ಹೋಗಿ ನೋಡಬೇಕಿತ್ತು. ಯೂನಿವರ್ಸಿಟಿಯಲ್ಲಿ ಆ ಜಾಗ ಅವಳಿಗೆ ಆರು ವರ್ಷ ಕಾದ ಮೇಲೆ ಸಿಕ್ಕಿದ್ದು.

ಅಲ್ಲಿಯ ನೀರು ಬೇಸಿಗೆಯಲ್ಲೂ ಕೈಯಿಟ್ಟರೆ ಮೂಳೆ ನೋಯುವಷ್ಟು ತಣ್ಣಗೆ. ಅದಕ್ಕೆ ಡ್ರೈಸೂಟ್ ಅಂತ ಒಂದು ಉಡುಪು. ಕತ್ತಿನಿಂದ ಪಾದದವರೆಗೆ ಒಂದೇ ಚೀಲ. ಕತ್ತಿನಲ್ಲೂ ಮಣಿಕಟ್ಟಿನಲ್ಲೂ ರಬ್ಬರ್ ಪಟ್ಟಿ ಬಿಗಿಯಾಗಿ ಕೂತು ನೀರನ್ನು ಹೊರಗೇ ನಿಲ್ಲಿಸುತ್ತದೆ. ಚೀಲದೊಳಗೆ ಗಾಳಿ, ಗಾಳಿಯೊಳಗೆ ರಜಾಯಿ ಥರದ ದಪ್ಪ ಬಟ್ಟೆ, ಅದರೊಳಗೆ ಮನುಷ್ಯರು.

ಅವಳಿಗೆ ಮೊದಲು ಕೊಟ್ಟಿದ್ದು ಯಾರೋ ಆರಡಿ ಗಂಡಸಿನ ಹಳೇ ಸೂಟು. ನನ್ನ ಮಗಳು ಐದಡಿ. ಕುಳ್ಳು ಕಾಲು, ಅಗಲ ಸೊಂಟ, ನನ್ನದೇ ಮೈ. ಮೊಣಕಾಲಿನ ಹತ್ತಿರ ಬಟ್ಟೆ ಮಡಿಕೆ ಮಡಿಕೆಯಾಗಿ ಜೋತುಬೀಳುತ್ತಿತ್ತು. ನಾನು ಸಿಯಾಟಲ್ ಪಕ್ಕದ ಕೆನ್ಮೋರಿನ ಅವಳ ಮನೆಗೆ ಬಂದ ಮೂರನೇ ತಿಂಗಳು, ಒಂದು ಮಧ್ಯಾಹ್ನ ಅಳಿಯ ಅವಳನ್ನು ತೋಳು ಹಿಡಿದು ಕಾರಿನಿಂದ ಇಳಿಸಿಕೊಂಡು ಬಂದ. ಕೆಳಗೆ ಬಗ್ಗಿದಾಗ ಸೂಟಿನೊಳಗಿನ ಗಾಳಿಯೆಲ್ಲಾ ಕಾಲಿಗೆ ಹೋಗಿ ತುಂಬಿಕೊಂಡಿತಂತೆ. ತಲೆ ಕೆಳಗಾಗಿ, ಕಾಲು ಮೇಲಾಗಿ ನೀರಿಗೆ ಅದುಮಿ ಬಿಟ್ಟ ಸೋರೆಬುರುಡೆಯ ಹಾಗೆ ಮೇಲಕ್ಕೆ ಚಿಮ್ಮಿದಳಂತೆ. ಹಾಗೆ ಚಿಮ್ಮಿದವರು ಸಾಯುವುದೂ ಉಂಟು ಅಂತ ಅಳಿಯನ ಬಾಯಿಂದ ಹೊರಬಿತ್ತು. ಅವಳ ಮೂಗಿನಿಂದ ರಕ್ತ ಬಂದು ಒಣಗಿತ್ತು. ಕಾಫಿ ಲೋಟ ಕೊಟ್ಟೆ, ಹಿಡಿಯಲು ಆಗಲಿಲ್ಲ. ನಾನೇ ಕುಡಿಸಿದೆ. ನಲವತ್ತರ ಹತ್ತಿರದ ಮಗಳಿಗೆ.

"ಬಿಟ್ಟುಬಿಡೇ ಆ ಕೆಲಸ," ಅಂದೆ.

"ಕೆಲಸ ಅಲ್ಲಮ್ಮ ತಪ್ಪು. ಸೂಟು ತಪ್ಪು," ಅಂದಳು.

ಅವಳನ್ನು ನೀರಿಗಿಳಿಸುವ ಮೇಲಿನವಳು ಒಬ್ಬಳು ಅಮೆರಿಕದ ಹೆಂಗಸು. ನನ್ನಷ್ಟೇ ವಯಸ್ಸು, ನರೆತ ಕೂದಲು ಮೋಟಾಗಿ ಕತ್ತರಿಸಿಕೊಂಡವಳು. ಅವಳು ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟಳು. ಈ ಸೂಟಿನಲ್ಲಿ ಇನ್ನು ಇಳಿಸಲ್ಲ. ಚಳಿಗಾಲದ ಎಣಿಕೆ ಶುರುವಾಗುವ ಮೊದಲು ಮೈಗೆ ಸರಿಯಾದ ಸೂಟು ತಂದು, ನನ್ನ ಎದುರು ಪರೀಕ್ಷೆ ಕೊಡು. ಆಗದಿದ್ದರೆ ನಿನ್ನ ಜಾಗಕ್ಕೆ ಬೇರೆಯವರು.

ಅಂದಿನಿಂದ ಮನೆಯಲ್ಲಿ ಬೇರೆ ಮಾತಿಲ್ಲ. ಸೂಟು, ಸೂಟು, ಸೂಟು.

ಅಂಗಡಿಗೆ ನಾನೂ ಹೋದೆ. ಮೂವತ್ತೆಂಟು ವರ್ಷ ಅರಸೀಕೆರೆಯಲ್ಲಿ ರವಿಕೆ ಹೊಲಿದವಳು ನಾನು. ಬಟ್ಟೆ ಅಂದ ಮೇಲೆ ಸುಮ್ಮನೆ ಕೂರುವುದು ನನ್ನ ಕೈಲಿ ಆಗಲ್ಲ. ಎರಡು ಥರ ಇತ್ತು. ಒಂದು ಸ್ಪಂಜಿನ ಹಾಗೆ ದಪ್ಪ, ಮೈಗೆ ಅಂಟಿಕೊಳ್ಳುವಂಥದ್ದು. ಇನ್ನೊಂದು ತೆಳುವು, ಮೂರು ಪದರ ಸೇರಿಸಿ ಒತ್ತಿದ್ದು, ಎಳೆದರೆ ಒಂಚೂರೂ ಹಿಗ್ಗದು. ಮಗಳಿಗೆ ಬೇಕಾಗಿದ್ದು ತೆಳುವಿನದು, ಬೇಗ ಒಣಗುತ್ತದೆ ಅಂತ. ನಾನು ಒಳಗೆ ತಿರುಗಿಸಿ ಹೊಲಿಗೆ ನೋಡಿದೆ. ಹೊಲಿಗೆಯ ಮೇಲೆ ಟೇಪು ಅಂಟಿಸಿ ಮುಚ್ಚಿದ್ದರು. ಒಳಗೆ ಬಿಟ್ಟ ಬಟ್ಟೆ ಒಂದು ಬೆರಳಷ್ಟೂ ಇಲ್ಲ. ನಮ್ಮ ರವಿಕೆಗೆ ಎರಡು ಕಡೆ ಒಂದೊಂದು ಇಂಚು ಬಿಡದೆ ಹೊಲಿದರೆ ಮಾರನೇ ದಿನ ಗಿರಾಕಿ ಬಂದು ಮುಖಕ್ಕೆ ಎಸೆಯುತ್ತಾಳೆ. "ಬಿಚ್ಚಿ ಅಗಲ ಮಾಡೋಕೆ ಆಗಲ್ಲ ಇದು," ಅಂದೆ.

"ಅದಕ್ಕೇ ಅಮ್ಮ, ಅಳತೆ ಸರಿ ಇರಬೇಕು," ಅಂದಳು ಮಗಳು.

ಅಂಗಡಿಯವನು ಹೆಂಗಸರ ಸೈಜು ಒಂದೊಂದೇ ತಂದ. ಚಿಕ್ಕದು ಸೊಂಟದಲ್ಲಿ ಹತ್ತಲಿಲ್ಲ. ಮಧ್ಯದ್ದು ಹತ್ತಿತು, ಮೊಣಕಾಲಿನಲ್ಲಿ ಮತ್ತೆ ಅದೇ ಚೀಲ. ಪ್ರತಿಯೊಂದಕ್ಕೂ ಅವಳನ್ನು ಕುಕ್ಕರುಗಾಲಲ್ಲಿ ಕೂರಿಸಿದ, ಎರಡೂ ಕೈಯಲ್ಲಿ ತನ್ನನ್ನೇ ತಬ್ಬಿಕೊಳ್ಳೋಕೆ ಹೇಳಿದ, ಆಮೇಲೆ ಕೈ ಎತ್ತಿ ತಲೆಯ ಹಿಂದೆ ಮುಟ್ಟೋಕೆ ಹೇಳಿದ. ಬೆನ್ನ ಮೇಲಿನ ಗಾಳಿಯ ಸಿಲಿಂಡರಿನ ತಿರುಪು ಅಲ್ಲಿರುತ್ತದೆ. ನೀರೊಳಗೆ ಏನಾದರೂ ಆದರೆ ಕೈ ಅಲ್ಲಿಗೆ ಹೋಗಲೇಬೇಕು. ಕೊನೆಗೆ ಅವನು, ನಿಮ್ಮ ಮೈಗೆ ರೆಡಿಮೇಡು ಸಿಗಲ್ಲ, ಅಳತೆ ಕೊಟ್ಟೇ ಹೊಲಿಸಿ ಅಂದ. ತಾನೇ ಅಳತೆ ತೆಗೀತೀನಿ, ಎರಡು ವಾರ ಬಿಟ್ಟು ಬನ್ನಿ ಅಂದ.

ನಾನು ಮಗಳ ಮೊಣಕೈ ತಿವಿದೆ. "ಅವನ್ಯಾಕೆ ಅಳತೆಗೆ? ನಾನು ಸತ್ತಿದೀನಾ? ಎರಡು ವಾರ ಯಾಕೆ ಕಾಯ್ತೀಯ?"

ಮಗಳು ಹಿಂದೆಮುಂದೆ ನೋಡಿದಳು. ಆಮೇಲೆ ನಕ್ಕು ಅವನಿಗೆ ಹೇಳಿದಳು, ನಮ್ಮಮ್ಮ ಟೈಲರ್ ಅಂತ. ಅವನು ನನ್ನ ಕೈ ಕುಲುಕಿದ. ಹಿಗ್ಗಿಹೋದೆ ನಾನು.

ಆ ಭಾನುವಾರ ಮನೆಯ ಹಾಲಿನಲ್ಲಿ ಅಳತೆ. ಒಳಗೆ ಹಾಕುವ ದಪ್ಪ ಬಟ್ಟೆ ಹಾಕಿಕೊಂಡೇ ಅಳತೆ ಕೊಡಬೇಕು. ಅವಳು ಅದನ್ನು ತೊಟ್ಟು ಬೆವರುತ್ತಾ ನಿಂತಳು. ಅಳಿಯ ರೆಡ್ಮಂಡಿನ ಸಾಫ್ಟ್‌ವೇರ್‌ನವನು, ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಸೂಟು ಹೊಲಿಯುವವರ ಅಳತೆ ಪಟ್ಟಿಯ ಒಂದೊಂದೇ ಸಾಲು ಓದಿ ಕನ್ನಡದಲ್ಲಿ ಹೇಳುವುದು, ನಾನು ಅಳೆದು ಕೂಗುವುದು, ಅವನು ಟೈಪ್ ಮಾಡುವುದು. ಇಪ್ಪತ್ತೆಂಟು ಅಳತೆ.

"ಅತ್ತೆ, ಹುಕ್ಕು ಮುಂದಕ್ಕೋ ಹಿಂದಕ್ಕೋ? ತೋಳಿಗೆ ಪಫ್ ಇಡೋದಾ?"

"ನಿಂಗೊಂದು ಹೊಲಿದುಕೊಡ್ತೀನಿ ತಡಿ, ಪಫ್ ಇಟ್ಟು. ಹಾಕ್ಕೊಂಡು ಆಫೀಸಿಗೆ ಹೋಗು."

"ಇಬ್ರೂ ಬೇಗ ಮುಗಿಸಿ, ಬೆಂದುಹೋಗ್ತಿದೀನಿ ಇಲ್ಲಿ," ಅಂದಳು ಮಗಳು.

ಕತ್ತು, ಮಣಿಕಟ್ಟು, ತೋಳು, ಎದೆ, ಭುಜ. ಎಲ್ಲಾ ಎರಡೆರಡು ಸಲ ಅಳೆದೆ. ಪಾದವನ್ನು ಪೇಪರಿನ ಮೇಲೆ ಇಡಿಸಿ ಸುತ್ತ ಪೆನ್ಸಿಲಿನಿಂದ ಬರೆದೆ. ಹತ್ತೊಂಬತ್ತನೆಯದೋ ಇಪ್ಪತ್ತನೆಯದೋ ಸಾಲಿಗೆ ಬಂದಾಗ ಅಳಿಯ ಓದಿದ. "ಹೆಗಲ ಮೇಲಿಂದ ಟೇಪು ಶುರು ಮಾಡಿ, ಮುಂದೆ ಇಳಿಸಿ, ಕಾಲಿನ ಮಧ್ಯದಿಂದ ಹಿಂದಕ್ಕೆ ತಗೊಂಡು, ಬೆನ್ನ ಮೇಲಿಂದ ಅದೇ ಹೆಗಲಿಗೆ." ಹೇಳಿ ಅವನೇ ಸ್ಕ್ರೀನಿನಲ್ಲಿ ಮುಖ ಹುದುಗಿಸಿದ.

ನಾನು ಎಂಥ ಕೆಲಸದವಳು ಅಂದರೆ, ಅರ್ಧ ಜನ ಅಳತೆ ರವಿಕೆ ತಂದು ಕೊಡುತ್ತಿದ್ದರು. ಅದನ್ನು ಹಾಸಿ ಅಳೆದುಕೊಂಡರೆ ಆಯಿತು, ಮೈ ಮುಟ್ಟುವ ಮಾತೇ ಇರಲಿಲ್ಲ. ಲಂಗಕ್ಕೆ ಸೊಂಟದ ಅಳತೆ ಬೇಕಾದರೆ ಟೇಪನ್ನು ಅವರ ಕೈಗೇ ಕೊಟ್ಟು, ನೀನೇ ಸುತ್ತಿಕೊಳ್ಳಮ್ಮ ಅಂತ ಗೋಡೆ ಕಡೆ ತಿರುಗುತ್ತಿದ್ದೆ. ನಮ್ಮ ಕಡೆ ಹೆಂಗಸರ ಟೈಲರು ಎಲ್ಲರೂ ಹಾಗೇ. ಸೊಂಟದ ಕೆಳಗೆ ನನ್ನ ಟೇಪು ಯಾವತ್ತೂ ಹೋಗಿಲ್ಲ. ಅಳಿಯ ಆರಡಿ ದೂರದಲ್ಲಿ ಕೂತಿದ್ದಾನೆ. ಮದುವೆಯಾದ ಮಗಳ ಕಾಲಿನ ಮಧ್ಯೆ ಕೈ ಹಾಕಿ ಟೇಪು ಎಳೆ ಅಂದರೆ ಹೆಂಗೆ ಎಳೀಲಿ?

ನಾನು ಎಳೆಯಲಿಲ್ಲ. ಮುಂದೆ ಒಂದಿಷ್ಟು ಇಳಿಸಿದ ಹಾಗೆ ಮಾಡಿದೆ, ಹಿಂದೆ ಹೋಗಿ ಒಂದಿಷ್ಟು ಎತ್ತಿದ ಹಾಗೆ ಮಾಡಿದೆ. ಮನಸ್ಸಿನಲ್ಲೇ ಮುಂದಿನ ಉದ್ದ, ಹಿಂದಿನ ಉದ್ದ ಕೂಡಿಸಿ, ಕೆಳಗಿನದಕ್ಕೆ ಕಣ್ಣಂದಾಜು ಸೇರಿಸಿ, "ಐವತ್ತೊಂಬತ್ತು" ಅಂದೆ. ಮಗಳು ಫ್ಯಾನಿನ ಕಡೆ ನೋಡುತ್ತಿದ್ದಳು. ಅಳಿಯ ಟೈಪ್ ಮಾಡಿದ. ಆಯಿತು.

ಹತ್ತು ದಿನಕ್ಕೆ ಹೊಲಿಯುವವರಿಂದ ಕಾಗದ ಬಂತು, ಕಂಪ್ಯೂಟರಿನಲ್ಲಿ. ನಾನು ಅಡುಗೆಮನೆಯಲ್ಲಿ ಹುರುಳಿಕಾಯಿ ಮುರಿಯುತ್ತಿದ್ದೆ. ಅಳಿಯ ಬಾಗಿಲಿಗೆ ಬಂದು ನಿಂತ.

"ಅತ್ತೆ, ಒಂದೇ ಒಂದು ನಂಬರ್ ಮತ್ತೆ ಚೆಕ್ ಮಾಡಿ ಅಂತಿದಾರೆ. ಹೆಗಲಿಂದ ಹೆಗಲಿಗೆ. ಐವತ್ತೊಂಬತ್ತು ಕಮ್ಮಿ ಅನ್ಸುತ್ತಂತೆ. ಮತ್ತೆ ತೆಗೀತೀರಾ?"

"ಎರಡು ಸಲ ನೋಡಿದೀನಿ. ಸರಿ ಇದೆ."

"ಶೂರಾ?"

"ಮೂವತ್ತೆಂಟು ವರ್ಷ ಹೊಲಿದಿದೀನಪ್ಪ."

ಅವನು ಹೋಗಿ, ಸರಿ ಇದೆ ಅಂತ ಬರೆದು ಕಳಿಸಿದ. ಮೊದಲನೆಯದು ನಾಚಿಕೆ. ಈ ಎರಡನೆಯದಕ್ಕೆ ನನ್ನ ಹತ್ತಿರ ಹೆಸರಿಲ್ಲ.

ಸೂಟು ಬರುವುದು ಎಂಟು ವಾರ ಅಂದವರು ಹತ್ತು ವಾರ ಮಾಡಿದರು. ಎಣಿಕೆ ಶುರುವಾಗಲು ಒಂಬತ್ತು ದಿನ ಇತ್ತು. ಮಗಳಿಗೆ ಕಾದು ಕಾದು ನಿದ್ದೆಯಿರಲಿಲ್ಲ, ಊಟ ಸೇರುತ್ತಿರಲಿಲ್ಲ. ಪೆಟ್ಟಿಗೆ ಬಂದ ದಿನ ಅಲ್ಲೇ ಹಾಲಿನಲ್ಲೇ ತೊಟ್ಟಳು. ಭುಜ ಬರೆದಿಟ್ಟ ಹಾಗೆ ಕೂತಿತು. ತೋಳು ಮಣಿಕಟ್ಟಿಗೆ ಸರಿಯಾಗಿ ಮುಗಿಯಿತು. ಮೊಣಕಾಲಿನಲ್ಲಿ ಒಂದು ಸುಕ್ಕಿಲ್ಲ. "ಅಯ್ಯೋ, ಯಾರ್ರೀ ಇವಳು, ಸಿನಿಮಾದವಳ ಥರ," ಅಂದ ಅಳಿಯ. ನಾನು ಉಸಿರು ಬಿಟ್ಟೆ.

ಅವಳು ಕೈ ಎತ್ತಿದಳು. ಕಿವಿಯ ಮಟ್ಟಕ್ಕೆ ಹೋಗಿ ನಿಂತಿತು. ಕೆಳಗಡೆ ಕಾಲಿನ ಮಧ್ಯೆ ಬಟ್ಟೆ ಹಿಡಿದು ಎಳೆಯುತ್ತಿತ್ತು, ಮೇಲೆ ಭುಜ ಏಳಲು ಬಿಡುತ್ತಿರಲಿಲ್ಲ. ಜೋರು ಮಾಡಿ ಎತ್ತಿದಳು. ಕತ್ತಿನ ರಬ್ಬರ್ ಪಟ್ಟಿ ಕೆಳಕ್ಕೆ ಜಗ್ಗಿ, ಕುತ್ತಿಗೆಯ ಪಕ್ಕ ಒಂದು ಸಂದು ಬಿಟ್ಟುಕೊಂಡಿತು. ನನ್ನ ಕಿರುಬೆರಳು ಹೋಗುವಷ್ಟು.

"ಹೊಸದಲ್ವಾ. ಹಾಕ್ತಾ ಹಾಕ್ತಾ ಸರಿಹೋಗುತ್ತೆ," ಅಂದಳು ಮಗಳು.

ಸರಿಹೋಗಲ್ಲ ಅಂತ ನನಗೆ ಗೊತ್ತಿತ್ತು. ಹಿಗ್ಗದ ಬಟ್ಟೆ ಅದು. ಮಾರನೇ ದಿನ ಇಬ್ಬರೂ ಕೆಲಸಕ್ಕೆ ಹೋದ ಮೇಲೆ ಸೂಟನ್ನು ಒಳಗೆ ತಿರುಗಿಸಿ ನೆಲದ ಮೇಲೆ ಹಾಸಿಕೊಂಡು ಕೂತೆ. ಕಾಲು ಸೇರುವ ಜಾಗದಲ್ಲಿ ಎಲ್ಲಾದರೂ ಅರ್ಧ ಇಂಚು ಬಿಟ್ಟಿದ್ದಾರಾ, ಟೇಪು ಎಬ್ಬಿಸಿ ಬಿಚ್ಚಬಹುದಾ ಅಂತ ಉಗುರಿನಲ್ಲಿ ಕೆರೆದು ಕೆರೆದು ನೋಡಿದೆ. ಉಗುರು ಸೀಳಿತು. ಬಟ್ಟೆ ಇಲ್ಲದ ಕಡೆ ಎಲ್ಲಿಂದ ತರಲಿ? ಕತ್ತರಿ ಕೈಯಲ್ಲಿತ್ತು. ಕತ್ತರಿಸಿ ಹಾಕಿಬಿಡಲಾ ಅಂದುಕೊಂಡೆ. ಹಾಕಿದರೆ ಅವಳು ಇನ್ಯಾರದೋ ಸೂಟು ಕಡ ತಂದು ಇಳಿಯುತ್ತಾಳೆ, ಅದೂ ಗೊತ್ತಿತ್ತು. ಮತ್ತೆ ಮಡಿಸಿಟ್ಟೆ. ಪರೀಕ್ಷೆಯ ದಿನದವರೆಗೂ ಬಾಯಿ ಬಿಡಲಿಲ್ಲ. ಬೆಳಗ್ಗೆ ಹೇಳೋಣ ಅನ್ನುವುದು, ಅವಳ ಮುಖ ನೋಡಿ ಸಂಜೆ ಹೇಳೋಣ ಅನ್ನುವುದು. ಸಂಜೆ ಅವಳು ಸೂಟು ತೊಟ್ಟು ಹಾಲಿನಲ್ಲಿ ಕೈ ಎತ್ತಿ ಎತ್ತಿ ಅಭ್ಯಾಸ ಮಾಡುತ್ತಿದ್ದಳು. ನಾನು ಬೇಳೆಗೆ ಒಗ್ಗರಣೆ ಹಾಕುತ್ತಿದ್ದೆ. ಹಂಗೇ ದಿನ ಕಳೆದವು.

ಪರೀಕ್ಷೆಯ ದಿನ ನಾನೂ ಬರುತ್ತೇನೆ ಅಂತ ಹಟ ಹಿಡಿದೆ. ಪಶ್ಚಿಮಕ್ಕೆ ಅರ್ಧ ಗಂಟೆ ಕಾರಿನ ದಾರಿ. ಸಮುದ್ರ ಅಂದರೆ ಅಲೆ ಇಲ್ಲ, ಕೆರೆಯ ಹಾಗೆ ಬೂದು ಬಣ್ಣಕ್ಕೆ ಬಿದ್ದುಕೊಂಡಿತ್ತು. ಸಣ್ಣಗೆ ಹನಿಯುತ್ತಿತ್ತು. ದಂಡೆಯಲ್ಲಿ ಮರಳಿಲ್ಲ, ಬರೀ ಉರುಟು ಕಲ್ಲು. ಆ ನರೆಗೂದಲಿನವಳು ಮೊದಲೇ ಬಂದು ಸೊಂಟದ ಮಟ್ಟದ ನೀರಿನಲ್ಲಿ ನಿಂತಿದ್ದಳು. ಮಗಳು ಸಿಲಿಂಡರ್ ಹೊತ್ತು ಇಳಿದಳು. ನಾನು ಸ್ವೆಟರಿನ ಮೇಲೆ ಕೋಟು, ಕೋಟಿನ ಮೇಲೆ ಅಳಿಯನ ಜರ್ಕಿನ್ ಹಾಕಿಕೊಂಡು ನಿಂತೆ. ಆದರೂ ನಡುಕ.

ನರೆಗೂದಲಿನವಳು ಹೇಳಿದಳು, ತಿರುಪು ಮುಟ್ಟು. ಮಗಳು ಕೈ ಹಿಂದಕ್ಕೆ ಹಾಕಿದಳು. ಮುಟ್ಟಲಿಲ್ಲ. ಇನ್ನೊಂದು ಸಲ. ಇಲ್ಲ. ಅವಳು ತಲೆ ಅಲ್ಲಾಡಿಸಿದಳು. ಮಗಳು ಏನೋ ಕೇಳಿಕೊಂಡಳು, ಬೆನ್ನಿನ ಪಟ್ಟಿ ಸಡಿಲಿಸಿ ಸಿಲಿಂಡರನ್ನೇ ಮೇಲಕ್ಕೆ ಎಳೆಸಿಕೊಂಡಳು. ಈ ಸಲ ಬೆರಳ ತುದಿ ತಿರುಪಿಗೆ ತಾಗಿತು. ನರೆಗೂದಲಿನವಳು, ಸರಿ, ನನ್ನ ಜೊತೆ ಇಪ್ಪತ್ತಡಿ ಇಳಿ, ಕೆಳಗೆ ಹೋಗಿ ಮತ್ತೆ ಮುಟ್ಟಿ ತೋರಿಸು ಅಂದಳು.

"ಅವಳು ಪಾಸ್ ಮಾಡ್ತಾಳೆ ಅತ್ತೆ," ಅಂದ ಅಳಿಯ. ಅವನ ಮುಖ ಅರಳಿತು.

ನಾನು ದಂಡೆಯಿಂದ ಕಂಡಿದ್ದೆ. ಕೈ ಹಿಂದಕ್ಕೆ ಹೋದಾಗ ಕತ್ತಿನ ಪಟ್ಟಿ ಬಿಟ್ಟುಕೊಂಡಿತ್ತು. ನೀರು ಸೊಂಟದವರೆಗೆ ಇದ್ದಿದ್ದಕ್ಕೆ ಒಳಗೆ ಹೋಗಲಿಲ್ಲ. ಕೆಳಗೆ ಹೋಗಿ ಅದೇ ಕೈ ಎತ್ತಿದರೆ ಕಿರುಬೆರಳಿನಷ್ಟು ಜಾಗದಿಂದ ಆ ನೀರು ಒಳಗೆ ಬರುತ್ತದೆ, ಕಾಲಿನವರೆಗೂ ಬರುತ್ತದೆ. ನಾಳೆ ಇಪ್ಪತ್ತಡಿಯಲ್ಲ, ಅರವತ್ತಡಿ. ನಾಳೆ ಪಕ್ಕದಲ್ಲಿ ಈ ಹೆಂಗಸಿರಲ್ಲ.

ಸುಮ್ಮನಿದ್ದರೆ ಮಗಳಿಗೆ ಕೆಲಸ ಉಳಿಯುತ್ತದೆ. ನನ್ನ ಮರ್ಯಾದೆಯೂ ಉಳಿಯುತ್ತದೆ.

ನಾನು ಹಂಗೇ ನೀರಿಗೆ ನುಗ್ಗಿದೆ. ಸೀರೆ, ಬೂಟು, ಎಲ್ಲದರ ಸಮೇತ. ಮೊಣಕಾಲಿಗೆ ಬರುವಷ್ಟರಲ್ಲಿ ಕಾಲು ಇದೆಯೋ ಇಲ್ಲವೋ ಗೊತ್ತಾಗದ ಹಾಗಾಯಿತು. "ಇಳೀಬೇಡ! ಇಳೀಬೇಡ ಕಣೇ!" ಅಂತ ಕಿರುಚಿದೆ. ಅಳಿಯ ಹಿಂದಿನಿಂದ ಬಂದು ರಟ್ಟೆ ಹಿಡಿದ.

"ಅಮ್ಮ, ಏನಿದು ಹುಚ್ಚು? ಹೋಗು ಆಚೆ!"

"ಆ ಅಳತೆ ತೆಗೆದೇ ಇಲ್ಲ ನಾನು. ಹೆಗಲಿಂದ ಹೆಗಲಿಗೆ. ಸುಮ್ನೆ ಹೇಳಿದ್ದು. ಬಾಯಿಗೆ ಬಂದಿದ್ದು ಹೇಳಿದ್ದು."

ಮಗಳು ನನ್ನನ್ನೇ ನೋಡಿದಳು. "ಅವರು ಮತ್ತೆ ಕೇಳಿದ್ರಲ್ಲಮ್ಮ?"

"ಆಗಲೂ ಸುಳ್ಳೇ ಹೇಳಿದ್ದು."

ನರೆಗೂದಲಿನವಳು ಏನು ಏನು ಅಂತ ಕೇಳುತ್ತಿದ್ದಳು. ಮಗಳು ಹೇಳಲಿಲ್ಲ. ಅವಳು ಹೇಳಲ್ಲ, ಹಂಗೇ ಇಳಿಯುತ್ತಾಳೆ ಅಂತ ನನಗೆ ಅನ್ನಿಸಿತು. ನಾನೇ ಆ ಹೆಂಗಸಿನ ಕಡೆ ತಿರುಗಿ, "ಮೆಜರ್ಮೆಂಟ್ ರಾಂಗ್. ಐ ರಾಂಗ್. ನೋ ಗೋ, ನೋ ಗೋ," ಅಂದೆ. ನನ್ನ ಕತ್ತನ್ನು ನಾನೇ ಹಿಡಿದು ಎಳೆದು ತೋರಿಸಿದೆ. ಅವಳಿಗೆ ಅಷ್ಟು ಸಾಕಾಯಿತು. ಮಗಳ ಹತ್ತಿರ ಹೋಗಿ, ಕೈ ಎತ್ತಿಸಿ, ಕತ್ತಿನ ಪಟ್ಟಿಯ ಪಕ್ಕಕ್ಕೆ ತನ್ನ ಬೆರಳು ಹಾಕಿ ನೋಡಿದಳು. ಬೆರಳು ಸಲೀಸಾಗಿ ಹೋಯಿತು. ಔಟ್ ಅಂದಳು. ಇಬ್ಬರನ್ನೂ.

ಕಾರು ನಿಲ್ಲಿಸುವ ಜಾಗದಲ್ಲಿ ಮಗಳು ಸೂಟು ಕಳಚಿದಳು. ಒಳಗಿನ ದಪ್ಪ ಬಟ್ಟೆಯಲ್ಲಿ ನಿಂತು ಕೈ ಚಾಚಿದಳು. "ಟೇಪು ತಂದಿದೀಯಾ?"

ಅದು ಯಾವತ್ತೂ ನನ್ನ ಬ್ಯಾಗಿನಲ್ಲೇ ಇರುತ್ತದೆ.

"ಈಗ ತೆಗಿ ಆ ಅಳತೆ," ಅಂದಳು.

ಸುತ್ತ ನಾಲ್ಕೈದು ಜನ ಗಂಡಸರು ತಮ್ಮ ತಮ್ಮ ಸೂಟು ತೊಡುತ್ತಿದ್ದರು. ಅಳಿಯ ಬೆನ್ನು ತಿರುಗಿಸಿದ. ನನ್ನ ಹಲ್ಲು ಕಟಕಟ ಅನ್ನುತ್ತಿತ್ತು. ಅವಳ ಹೆಗಲಿಗೆ ಟೇಪು ಇಟ್ಟು, ಮುಂದೆ ಇಳಿಸಿ, ಕಾಲಿನ ಮಧ್ಯದಿಂದ ಕೈ ಹಾಕಿ ಹಿಂದಕ್ಕೆ ಎಳೆದು, ಬೆನ್ನ ಮೇಲಿಂದ ಹೆಗಲಿಗೆ ತಂದೆ. ಯಾರೂ ನಮ್ಮ ಕಡೆ ತಿರುಗಿ ಕೂಡ ನೋಡಲಿಲ್ಲ. ಅರ್ಧ ನಿಮಿಷದ ಕೆಲಸ. ಅರವತ್ತಮೂರೂವರೆ.

"ನಾಲ್ಕೂವರೆ ಇಂಚು," ಅಂದಳು ಮಗಳು.

ಕಾರಿನಲ್ಲಿ ಹೀಟರ್ ಹಾಕಿದ ಮೇಲೆ ಅಳಿಯ ಹೇಳಿದ, "ಒಂದು ಮಾತು ಅಂದಿದ್ರೆ ನಾನೇ ಆಚೆ ಹೋಗ್ತಿದ್ನಲ್ಲ ಅತ್ತೆ." ಆಚೆ ಹೋಗು ಅನ್ನೋಕೂ ನಾಚಿಕೆಯಾಗಿತ್ತು ಅಂತ ಹೇಳಲಾ?

ಸೂಟು ವಾಪಸ್ಸು ಹೋಯಿತು. ನಡುವೆ ಕತ್ತರಿಸಿ ಪಟ್ಟಿ ಸೇರಿಸಿ ಕೊಡಲು ಆರು ವಾರ ಅಂದರು. ಎಣಿಕೆ ಆರು ವಾರ ಕಾಯಲಿಲ್ಲ. ಅವಳ ಜಾಗಕ್ಕೆ ಬೇರೊಬ್ಬ ಹುಡುಗಿಯನ್ನು ಇಳಿಸಿದರು, ಉದ್ದಕ್ಕಿದ್ದಳಂತೆ, ರೆಡಿಮೇಡು ಸೂಟೇ ಸಾಕಿತ್ತಂತೆ. ಆ ಹುಡುಗಿಯನ್ನೇ ಮುಂದಕ್ಕೂ ಇಟ್ಟುಕೊಂಡರು. ನನ್ನ ಮಗಳನ್ನು ದೋಣಿಯ ಮೇಲೆ ಕೂರಿಸಿ, ಕೆಳಗಿನವರು ಬಂದು ಹೇಳಿದ್ದನ್ನು ಬರೆದುಕೊಳ್ಳಲು ಹಾಕಿದರು. ವಸಂತದವರೆಗೆ, ಆಮೇಲೆ ಅದೂ ಇಲ್ಲ.

ದೋಣಿಗೆ ಹೋದ ಮೊದಲನೇ ದಿನ ಸಂಜೆ ಮನೆಗೆ ಬಂದು ಕೈಕಾಲು ತೊಳೆದು ಮೇಜಿಗೆ ಕೂತಳು. ಬೆರಳಿಗೆಲ್ಲಾ ಪೆನ್ಸಿಲಿನ ಕಪ್ಪು. ಅನ್ನ ಹಾಕಿದೆ. ಹುಳಿ ಹಾಕಿದೆ. ಅವಳು ಕಲಸಿ ತಿನ್ನತೊಡಗಿದಳು. ಆ ದಂಡೆಯ ದಿನದಿಂದ ಅವಳು ನನ್ನನ್ನು ಒಂದು ಮಾತೂ ಅಂದಿರಲಿಲ್ಲ. ಬೇಕು ಬೇಡ ಮಾತ್ರ. ನನಗೆ ತಡೆಯಲಾಗಲಿಲ್ಲ.

"ಬೈಯೇ," ಅಂದೆ. "ಒಂದು ಸಲ ಬಾಯ್ತುಂಬ ಬೈದುಬಿಡು."

"ಬೈದ್ರೆ ನಿಂಗೆ ಹಗುರ ಆಗುತ್ತಮ್ಮ. ಅದಕ್ಕೇ ಬೈಯಲ್ಲ."

"ಹಂಗಾದ್ರೆ ನಾನು ಊರಿಗೆ ಹೋಗಲಾ?"

ಅವಳು ಉಣ್ಣುತ್ತಲೇ ಇದ್ದಳು. ತಟ್ಟೆಯಿಂದ ತಲೆ ಎತ್ತಲಿಲ್ಲ. "ಹೋದ್ರೆ ಹೋಗು. ಇದ್ರೆ ಇರು. ಆ ಉಪ್ಪು ಈ ಕಡೆ ತಳ್ಳು."

ತಳ್ಳಿದೆ. ಅವಳ ಕೈ ಬೆಚ್ಚಗಿತ್ತು. ತಾಗಿದಾಗ ಗೊತ್ತಾಯಿತು.